ಹಳಿಯ ಮೇಲಿನ ನಿಂಬೆಹಣ್ಣು

ಆ ನಾಡಿನ ಪ್ರತಿ ರೈಲಿಗೂ ಯಾರದಾದರೂ ಕೈತೋಟದಲ್ಲಿ ಒಂದು ಪುಟ್ಟ ಅವಳಿ ರೈಲು ಓಡುತ್ತಿತ್ತು. ಪುಟ್ಟದಕ್ಕೆ ಆದದ್ದೆಲ್ಲ ಅದೇ ಕ್ಷಣ ದೊಡ್ಡದಕ್ಕೂ ಆಗುತ್ತಿತ್ತು. ಹಾಗಾಗಿ ತಾರಾಮತಿ ದಿನವೂ ಹಳಿಯ ಮೇಲೆ ಉದುರಿದ ದಾಸವಾಳದ ಎಲೆಗಳನ್ನು ಆರಿಸುತ್ತಿದ್ದಳು, ಬೆಕ್ಕನ್ನು ಒಳಗೆ ಕೂಡಿಹಾಕುತ್ತಿದ್ದಳು. ಅವಳ ತೋಟದ ರೈಲಿನ ಅವಳಿಯಾದ ದೊಡ್ಡ ರೈಲಿಗೆ ಅವಳ ಗಂಡ ರೇವಣ್ಣನೇ ಚಾಲಕ.

ಆಯುಧಪೂಜೆಯ ಬೆಳಿಗ್ಗೆ ಅವಳು ಹೂವು ತರುವಷ್ಟರಲ್ಲಿ ಅತ್ತೆ ಕಮಲಮ್ಮ ಹಳಿಯ ಮೇಲೆ ಏನನ್ನೋ ಇಟ್ಟು ಕೈಮುಗಿಯುತ್ತಿದ್ದರು.

“ಏನಿಟ್ರಿ ಅತ್ತೆ?”

“ನಿಂಬೆಹಣ್ಣು ಕಣೇ, ಮಗನಿಗೆ ದೃಷ್ಟಿ ತಾಗದೇ ಇರಲಿ ಅಂತ. ನಿಮ್ಮ ಮಾವನ ಜೀಪಿಗೂ ಇಡ್ತಿದ್ದೆ. ಚಕ್ರ ಹತ್ತಿದ್ರೆ ಅಪ್ಪಚ್ಚಿ ಆಗ್ತಿತ್ತು.”

ತಾರಾಮತಿ ಓಡಿದಳು. ಅಷ್ಟರಲ್ಲಿ ತಿರುವಿನಿಂದ ಬಂದ ಗೇಣುದ್ದದ ಎಂಜಿನ್ ಹಣ್ಣಿಗೆ ಗುದ್ದಿ, ಬೋಗಿಗಳನ್ನೆಲ್ಲ ಎಳೆದುಕೊಂಡು ಪಕ್ಕದ ಪಾತಿಗೆ ಮಗುಚಿತು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

“ಎತ್ತಿ ನಿಲ್ಲಿಸೇ!” ಎಂದು ಕಮಲಮ್ಮ ಕೈಚಾಚಿದರು.

“ಮುಟ್ಟಬೇಡಿ! ನಾವು ಎತ್ತಿದ್ರೆ ಒಳಗೆ ಉಳಿದಿರೋರೂ ಉಳಿಯಲ್ಲ.”

ಕಮಲಮ್ಮ ಮಂಡಿಯೂರಿ, ಮಗುಚಿದ ಎಂಜಿನ್ನಿನ ಮೇಲೆ ಬಾಗಿ ಬಿಕ್ಕತೊಡಗಿದರು. ತಾರಾಮತಿ ಅವರ ಭುಜ ಹಿಡಿದು ಮೆಲ್ಲನೆ ಹಿಂದಕ್ಕೆಳೆದಳು.

“ಈಚೆ ಬಂದು ಅಳಿ ಅತ್ತೆ. ಕಣ್ಣೀರು ಬಿದ್ರೆ ಅವರು ಮುಳುಗಿಹೋಗ್ತಾರೆ.”