ಏಳನೆಯ ಜಡೆ

ಕಿರಿಮಗಳು ನೀರು ತರಲು ಹೋದಾಗ ಹೆಣ್ಣುಕುದುರೆಯ ಕತ್ತಿನ ಜೂಲಿನಲ್ಲಿ ಆರು ಜಡೆಗಳಿದ್ದವು. ಬಕೆಟ್ ಹಿಡಿದು ಲಾಯಕ್ಕೆ ಮರಳಿದಾಗ ಏಳಿದ್ದವು. ಏಳನೆಯದು ಅವಳು ಹಾಕಿದ್ದಕ್ಕಿಂತ ಬಿಗಿಯಾಗಿ, ಅಚ್ಚುಕಟ್ಟಾಗಿ ಕೂತಿತ್ತು.

"ಅಪ್ಪಾ, ಈ ಜಡೆ ನೀವು ಹಾಕಿದ್ರಾ?"

ಹೊರಗೆ ಜೀನು ಒರೆಸುತ್ತಿದ್ದ ಅಪ್ಪ ತಲೆಯೆತ್ತಲಿಲ್ಲ. "ನಂಗೆ ಹಗ್ಗ ಹೊಸೆಯೋಕೂ ಬರಲ್ಲ, ಜಡೆ ಎಲ್ಲಿಂದ ಹಾಕ್ಲಿ? ಬೇಗ ಮುಗಿಸಮ್ಮ, ಒಂಬತ್ತಕ್ಕೆ ಕುದುರೆ ಪ್ರದರ್ಶನ ಶುರು."

ಕುದುರೆಯ ಜೂಲು ತುಂಬ ದಟ್ಟ. ಹೋದ ವರ್ಷ ಅದರಲ್ಲಿ ಲಗಾಮು ಸಿಕ್ಕಿಕೊಂಡೇ ಅಕ್ಕ ಆಯತಪ್ಪಿ ಬಿದ್ದು ತೀರಿಕೊಂಡದ್ದು. ಅಂದಿನಿಂದ ಬಾಚಣಿಗೆ ಕಂಡರೆ ಸಾಕು, ಕುದುರೆ ಗೋಡೆಗೆ ಒದೆಯುತ್ತಿತ್ತು. ಅಡಿಯ ಕೂದಲನ್ನು ಸ್ವಲ್ಪಸ್ವಲ್ಪವೇ ಕಿತ್ತು ಜೂಲು ತೆಳುಮಾಡಲು ಕಿರಿಯವಳಿಗೆ ಒಂದು ವಾರ ಹಿಡಿದಿತ್ತು. ಈಗ ಅದೇ ಕುದುರೆ ಕಣ್ಣು ಅರೆಮುಚ್ಚಿ, ಕೆಳದುಟಿ ಸಡಿಲಬಿಟ್ಟು ತೂಕಡಿಸುತ್ತ ನಿಂತಿತ್ತು. ಅಕ್ಕ ಬಾಚುವಾಗ ಮಾತ್ರ ಅದು ಹಾಗೆ ನಿಲ್ಲುತ್ತಿದ್ದುದು.

ಓಡಿಹೋಗಬೇಕೆನಿಸಿತು. ಆದರೂ ಅವಳು ಮುಂದಿನ ಗೊಂಚಲನ್ನು ಒದ್ದೆಮಾಡಿ ಹೆಣೆಯತೊಡಗಿದಳು. ಎಳೆಗಳು ಜಾರಿಹೋದವು.

"ನಂಗೆ ಬರ್ತಿಲ್ಲ ಅಕ್ಕ," ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

ಕುದುರೆಯ ಕಿವಿಗಳು ಅವಳ ಹೆಗಲಿನಾಚೆ ಯಾರ ಕಡೆಗೋ ತಿರುಗಿದವು. ಬೆನ್ನ ಮೇಲೆ ಬಿಚ್ಚಿಬಿಟ್ಟಿದ್ದ ಅವಳ ಕೂದಲನ್ನು ತಣ್ಣನೆಯ ಕೈಯೊಂದು ಹಗುರವಾಗಿ ಎತ್ತಿ, ಮೂರು ಪಾಲು ಮಾಡಿತು.