ಮೂರನೇ ಮಹಡಿ, ಲಷ್ಕರ್ ಮೊಹಲ್ಲಾ

"ಲಿಫ್ಟಿಲ್ಲ, ಪಾರ್ಕಿಂಗಿಲ್ಲ, ಮೂರನೇ ಮಹಡಿ. ಊರಲ್ಲಿ ಇಷ್ಟೊಂದು ಮನೆ ಇದ್ರೂ ಇದನ್ನೇ ಯಾಕೆ ಹಿಡ್ಕೊಂಡಿದೀಯ?" ಅನಂತರಾಜು ಹೆಂಡತಿಯ ಮೊಬೈಲನ್ನು ಕಣ್ಣಿನ ಹತ್ತಿರ ತಂದು ಕೇಳಿದ.

"ಚೆನ್ನಾಗಿದೆ ಅನ್ನಿಸ್ತು," ಎಂದಳು ನಯನಾ. ಹೊರಗೆ ಬಿಸಿಲು ನೆತ್ತಿಗೆ ಬಂದಿದ್ದರೂ ಅವಳು ಟ್ಯೂಬ್‌ಲೈಟಿನ ಕೆಳಗೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

ದಸರಾ ರಜೆಗೆ ನಾಲ್ಕು ದಿನ ಮೈಸೂರಿನಲ್ಲಿ ಮನೆ ಹಿಡಿದು ಇರುವುದೆಂದು ತೀರ್ಮಾನವಾಗಿತ್ತು. ವಿಜಯನಗರದಲ್ಲಿ ಗೇಟಿಗೆ ಸೆಕ್ಯುರಿಟಿ, ಕಾರಿಗೆ ನೆರಳು ಇದ್ದ ಫ್ಲಾಟೊಂದನ್ನು ಅನಂತರಾಜು ಆಗಲೇ ನೋಡಿಟ್ಟಿದ್ದ. ನಯನಾ ಹಟ ಮಾಡುವವಳಲ್ಲ. ಮದುವೆಯಾದ ಮೇಲೆ ಅವಳು ಹಟ ಹಿಡಿದದ್ದು ಒಂದೇ ಸಲ, ಅದೂ ಮಿಕ್ಸಿಯ ಕಂಪನಿ ಯಾವುದೆಂಬುದಕ್ಕೆ. ಅಂಥವಳು ಮೊಣಕಾಲು ನೋವಿಟ್ಟುಕೊಂಡು ಹಳೇ ಊರಿನ ಲಷ್ಕರ್ ಮೊಹಲ್ಲಾದ ಈ ಮನೆಗೆ ಅಂಟಿಕೊಂಡಿದ್ದಳು. ಬಾಡಿಗೆ ಎಷ್ಟು ಅಂತಲೂ ಕೇಳಿರಲಿಲ್ಲ.

ಅನಂತರಾಜುಗೆ ಸರಿ ಕಾಣದಿದ್ದದ್ದು ಅದೇ. ಕೊಡಿಗೇಹಳ್ಳಿಯಲ್ಲಿ ಅಪ್ಪನ ರಾಗಿ ಹೊಲದಲ್ಲಿ ಒಂದರ ಪಕ್ಕ ಒಂದು ಬಿಲ್ಡಿಂಗ್ ಎಬ್ಬಿಸಿ, ಮೊದಲನೆಯದರಲ್ಲಿ ತಾನಿದ್ದು ಉಳಿದದ್ದನ್ನು ಬಾಡಿಗೆಗೆ ಬಿಟ್ಟವನು ಅವನು. ದೋಷವಿರುವ ಮನೆಯನ್ನು ಚೌಕಾಸಿ ಮಾಡದೆ ಒಪ್ಪುವವರು ಒಂದೋ ಹೇಳದೆ ಕೇಳದೆ ಮದುವೆಯಾದವರು, ಇಲ್ಲವೇ ನಾಯಿ ಸಾಕಿದವರು ಎಂಬುದು ಅವನ ಅನುಭವ. ನಯನಾಳಿಗೆ ಎರಡೂ ಹೊಂದುತ್ತಿರಲಿಲ್ಲವಾದ್ದರಿಂದ ಸಂಶಯ ಇನ್ನೂ ಗಟ್ಟಿಯಾಯಿತು.

"ನಿಮ್ಮಕ್ಕ ಏನಾದ್ರೂ ತಲೆಗೆ ತುಂಬಿದ್ಲಾ? ನೋಡ್ಕೊಂಡ್ ಬಂದು ಆಮೇಲೆ ಅಲ್ಲೇ ಒಂದು ಫ್ಲಾಟ್ ತಗೊಳ್ಳಿ ಅಂತ?"

"ಅಕ್ಕ ಇರೋದು ತಿಪಟೂರಲ್ಲಿ. ಅವಳಿಗ್ಯಾಕ್ರೀ ಮೈಸೂರು?"

"ಮತ್ತೆ ಯಾರಿದಾರೆ ಅಲ್ಲಿ ನಿನಗೆ ಗೊತ್ತಿರೋರು?"

"ಯಾರೂ ಇಲ್ಲ." ಅವಳು ಒಂದು ಕಾಯಿ ಮುರಿದಳು. "ಅದಕ್ಕೇ ಅಲ್ವಾ ಅದನ್ನ ರಜಾ ಅನ್ನೋದು."

ಅವನು ಫೋಟೊಗಳನ್ನು ಹಿಗ್ಗಿಸಿದ. ಮೂಲೆಗೆ ಬೆನ್ನು ಒತ್ತಿ ನಿಂತು ತೆಗೆದರೆ ಹತ್ತಡಿ ರೂಮೂ ಕಲ್ಯಾಣಮಂಟಪವಾಗುತ್ತದೆ. ಆ ವಿದ್ಯೆ ಅವನಿಗೆ ಹೊಸದಲ್ಲ. ಹಾಲಿನ ಕಿಟಕಿಗೆ ಬಿಳಿ ಪರದೆ ಇಳಿಬಿಟ್ಟಿತ್ತು, ಅದರ ತುಂಬ ಬೆಳಕು. "ಸಿಕ್ಕಿಬಿತ್ತು ನೋಡು," ಎಂದ. "ಪರದೆ ಹಿಂದೆ ಟ್ಯೂಬ್‌ಲೈಟ್ ಇಟ್ಟು ತೆಗ್ದಿದಾರೆ. ನಾನೇ ಎಷ್ಟು ಸಲ ಇಟ್ಟಿಲ್ಲ."

ನಯನಾಳ ಕೈ ನಿಂತಿತು. "ಟ್ಯೂಬ್‌ಲೈಟಲ್ಲ. ನೆಲದ್ಮೇಲೆ ಓರೆಯಾಗಿ ಬಿದ್ದಿದೆ ನೋಡಿ, ಬಿಸಿಲು."

ನೆಲದ ಮೇಲಿನ ಬಿಸಿಲನ್ನು ಕೂಡ ನೋಡಿಟ್ಟಿದ್ದಾಳೆ. ಅವನು ತಡಮಾಡದೆ ಮನೆ ಮಾಲೀಕರಿಗೆ ವಿಡಿಯೊ ಕಾಲ್ ಹಚ್ಚಿದ. ಕನ್ನಡಕವನ್ನು ಹಣೆಗೇರಿಸಿಕೊಂಡ ವಯಸ್ಸಾದ ಹೆಂಗಸೊಬ್ಬರು ಸ್ಕ್ರೀನ್ ತುಂಬ ಮೂಗು ತೋರಿಸಿ, ಆಮೇಲೆ ಮುಖ ತೋರಿಸಿ, ತಾವು ಖುರ್ಷೀದ್ ಬೇಗಂ ಎಂದರು.

"ಮೇಡಂ, ಹಾಲಿನ ಕಿಟಕಿ ಪರದೆ ಸರಿಸಿ ತೋರಿಸ್ತೀರಾ?"

"ಕಿಟಕಿನಾ? ಎಲ್ಲಾರೂ ಮೊದಲು ಬಾತ್‌ರೂಮ್ ಕೇಳ್ತಾರೆ, ಸಾಬ್," ಎನ್ನುತ್ತ ಅವರು ಪರದೆ ಎಳೆದರು. ಬೇವಿನ ಕೊಂಬೆಯೊಂದು ಒಳಕ್ಕೇ ಬರುವಂತಿತ್ತು. ಕೆಳಗೆ ಹೆಂಚಿನ ಮನೆಗಳು, ಯಾರದೋ ಮಹಡಿಯಲ್ಲಿ ಒಣಹಾಕಿದ್ದ ಬಣ್ಣಬಣ್ಣದ ದುಪಟ್ಟಾಗಳು, ಆಚೆಗೆ ಚರ್ಚಿನ ಜೋಡಿ ಗೋಪುರ, ಅದರಾಚೆ ಬರೀ ಆಕಾಶ.

"ಇನ್ನೂ ಕೆಳಗೆ ತೋರ್ಸಿ. ಚರಂಡಿ ಇದೆಯಾ?"

"ಇದೆ. ಇಲ್ಲದಿದ್ರೆ ನೀರು ಎಲ್ಲಿಗೆ ಹೋಗಬೇಕು?"

ನಯನಾ ಯಾವಾಗಲೋ ಎದ್ದು ಬಂದು ಅವನ ಹೆಗಲ ಹಿಂದೆ ನಿಂತಿದ್ದಳು. "ಅಮ್ಮಾ, ಆ ಮರದ ಕಡೆ ಇನ್ನೊಂದ್ಸಲ ತೋರಿಸ್ತೀರಾ?" ಎಂದಳು. ಬಾಡಿಗೆಮನೆ ನೋಡುವವರು ಯಾರೂ ಆ ಧ್ವನಿಯಲ್ಲಿ ಕೇಳುವುದಿಲ್ಲ. ಏನೋ ಇದೆ ಎಂಬುದು ಅನಂತರಾಜುಗೆ ಖಾತ್ರಿಯಾಯಿತು.

"ನಮ್ಮನೆ ಆಯ್ತಲ್ಲ, ಈಗ ನಿಮ್ಮನೆ ತೋರಿಸಿ," ಎಂದರು ಖುರ್ಷೀದ್ ಬೇಗಂ. "ಹೋದ ಸಲ ಬಂದ ಫ್ಯಾಮಿಲಿ ಗೋಡೆಗೆಲ್ಲಾ ಸಾರು ಹಚ್ಚಿ ಹೋದ್ರು. ಅವರವರ ಮನೆ ಹೆಂಗಿದೆ ನೋಡದೆ ನಾನು ಈಗ ಯಾರಿಗೂ ಕೊಡಲ್ಲ."

ಬಾಡಿಗೆಗೆ ಬಂದವರನ್ನು ಕುಲ ಗೋತ್ರ ಅಡುಗೆ ಸಮೇತ ವಿಚಾರಿಸುತ್ತಿದ್ದ ಅನಂತರಾಜುವನ್ನು ಇದುವರೆಗೆ ಯಾರೂ ಹೀಗೆ ವಿಚಾರಿಸಿರಲಿಲ್ಲ. ಆದರೆ ತನ್ನ ಮನೆಯ ಬಗ್ಗೆ ಅವನಿಗೆ ಅಳುಕೇನಿರಲಿಲ್ಲ. ಮೊಬೈಲನ್ನು ನಯನಾಳ ಕೈಗಿತ್ತು, "ತೋರ್ಸು, ಎಲ್ಲಾ ತೋರ್ಸು," ಎಂದ. ಗ್ರಾನೈಟ್ ನೆಲ, ತೇಗದ ಬಾಗಿಲು, ಗೋಡೆಯಗಲದ ಟಿವಿ ಒಂದೊಂದಾಗಿ ಹಾದುಹೋದವು.

"ಮಾಷಾ ಅಲ್ಲಾ, ನೆಲ ಕನ್ನಡಿ ಇದ್ದಂಗಿದೆ. ಹಗಲು ಹೊತ್ತಲ್ಲಿ ಲೈಟ್ ಯಾಕಮ್ಮಾ ಹಾಕಿದೀರಿ?"

ನಯನಾ ಅಡುಗೆಮನೆಗೆ ನಡೆದಳು. ಒಲೆಯ ಪಕ್ಕದಲ್ಲೊಂದು ಕಿಟಕಿ, ಅದಕ್ಕೆ ಅವಳೇ ಹೊಲಿದ ಹೂವಿನ ಪರದೆ. ಕಿಟಕಿಯಾಚೆಗೆ ಅನಂತರಾಜು ಕಟ್ಟಿಸಿದ ಎರಡನೇ ಬಿಲ್ಡಿಂಗಿನ ಗೋಡೆ. ನಡುವೆ ಒಂದು ಗೇಣು ಜಾಗ. ಕರಣೆ ಹಿಡಿದ ಕೈ ತೂರುವುದಿಲ್ಲವೆಂದು ಆ ಮಗ್ಗುಲಿಗೆ ಗಾರೆ ಆಗಿರಲಿಲ್ಲ. "ಬಿಟ್ಟಾಕು, ಈ ಕಡೆ ಯಾರು ನೋಡ್ತಾರೆ," ಎಂದು ಮೇಸ್ತ್ರಿಗೆ ಅವನೇ ಹೇಳಿದ್ದ.

ನಯನಾ ಮೊಬೈಲನ್ನು ಕಿಟಕಿಗೆ ಹಿಡಿದಳು.

"ಇಲ್ಲಿ ಏನೂ ಕಾಣ್ತಿಲ್ಲ ಬೇಟಿ," ಎಂದರು ಖುರ್ಷೀದ್ ಬೇಗಂ. "ಪರದೆ ಸರಿಸು, ನೋಡೋಣ."

"ಸರಿಸಿದೀನಿ ಅಮ್ಮಾ," ಎಂದಳು ನಯನಾ.