ಫಕೀರವ್ವನ ನೆರಳು

ಓಣಿಯಲ್ಲಿ ಏನು ಬದಲಾಗಬೇಕಿದ್ದರೂ ಫೋನಿನಲ್ಲಿ ತೇಪೆ, ಅಂದರೆ ಬೇಕಾದ ತಿದ್ದುಪಡಿ ಮತ್ತು ಅದರ ಕಾರಣ, ಬರೆದು ವಾರ್ಡಿಗೆ ಕಳಿಸಬೇಕು. ಅಲ್ಲಿ ತೇಪೆ ನೋಡುವ ಅಡಿವೆಪ್ಪ ಮಾಸ್ತರು ಒಪ್ಪಿ ಸೇರಿಸಿದರೆ ಮರುದಿನ ಓಣಿ ಬರೆದಂತೆಯೇ ಬದಲಾಗಿರುತ್ತದೆ, ಬರೆದವರ ಹೆಸರೂ ಅದಕ್ಕೆ ಅಂಟಿಕೊಳ್ಳುತ್ತದೆ. ಕಲ್ಲವ್ವನ ಎದುರು ಮನೆಯ ಫಕೀರವ್ವ ಹೀಗೇ ತನ್ನ ಕಟ್ಟೆಗೊಂದು ನೆರಳು ತರಿಸಿಕೊಂಡಿದ್ದಳು. ಮಧ್ಯಾಹ್ನವಾದರೆ ಹೆಂಗಸರೆಲ್ಲ ಅಲ್ಲೇ. “ಫಕೀರವ್ವನ ನೆರಳು ಭಾಳ ತಂಪೈತಿ” ಎಂಬ ಮಾತು ಕೇಳಿದಾಗಲೆಲ್ಲ ಕಲ್ಲವ್ವನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತಿತ್ತು. ಅವಳು ಕಳಿಸಿದ್ದ ಮೂರು ತೇಪೆಗಳೂ ಒಪ್ಪಿಗೆಯಾಗದೆ ವಾಪಸು ಬಂದಿದ್ದವು.

ನಾಲ್ಕನೆಯದರಲ್ಲಿ ಅವಳು ಆ ನೆರಳನ್ನೇ ಅಳಿಸಬೇಕೆಂದು ಕೇಳಿದಳು. ಕಾರಣದ ಜಾಗದಲ್ಲಿ ‘ಎಲೆ ಉದುರಿ ಕಸವಾಗುತ್ತದೆ’ ಎಂದು ಬರೆದಳು.

ಮಾಸ್ತರು ಕರೆಸಿದರು. “ಕಲ್ಲವ್ವ, ಆಕಿ ಬರೇ ನೆರಳು ಬರ್ದಾಳ, ಮರ ಬರ್ದಿಲ್ಲ. ಎಲಿ ಎಲ್ಲಿಂದ ಉದುರ್ತಾವ? ಖರೇ ಕಾರಣ ಬರಿ. ಓಣಿ ಮಂದಿ ಓದ್ತಾರ ಮತ್ತ.”

ಕಲ್ಲವ್ವ ಕಾರಣವನ್ನು ‘ನನ್ನ ಕಟ್ಟೆಗೆ ಯಾರೂ ಬರುವುದಿಲ್ಲ’ ಎಂದು ತಿದ್ದಿ ಕಳಿಸಿದಳು.

ಮರುದಿನ ಬಾಗಿಲು ತೆರೆದರೆ ನೆರಳು ಓಣಿ ದಾಟಿ ಅವಳ ಕಟ್ಟೆಯ ಮೇಲೂ ಹಾಸಿತ್ತು. ಹೆಂಗಸರು ಅಲ್ಲೇ ಕೂತಿದ್ದರು, ನಡುವೆ ಫಕೀರವ್ವ, ಎಲೆಯಡಿಕೆ ಚೀಲ ಬಿಚ್ಚಿಕೊಂಡು.

“ನಿಂದು ಓದಿದ ಕೂಡ್ಲೆ ನಾನೊಂದು ತೇಪಿ ಕಳಿಸಿದ್ನೆವಾ. ಎರಡೂ ಕಟ್ಟಿಗೆ ಸಾಕಾಗ್ತೈತಿ. ಬಾ, ಕುಂದ್ರು.”

ಕಲ್ಲವ್ವ ಕೂತಳು. ತಂಪಾಗಿಯೇ ಇತ್ತು. ಆದರೆ ಈಗ ತನ್ನ ಕಟ್ಟೆಗೂ ಫಕೀರವ್ವನ ಹೆಸರೇ ಅಂಟಿತ್ತು. ಅವಳು ಸೆರಗಿನ ಮರೆಯಲ್ಲಿ ಫೋನು ತೆಗೆದು ಐದನೆಯ ತೇಪೆ ಬರೆದಳು: ‘ನನ್ನ ಕಟ್ಟೆಯ ಪಕ್ಕ ಒಂದು ಬೇವಿನ ಮರ. ಕಾರಣ, ನೆರಳಿಗೆ ಬುಡ ಬೇಕು.’

ಎಲೆ ಉದುರುವ ದಿಕ್ಕನ್ನು ಮಾತ್ರ ಫಕೀರವ್ವನ ಅಂಗಳದ ಕಡೆಗೆ ಬರೆದಳು.